ಶಾಲೆಯ ವರ್ಷಾರಂಭ ಮತ್ತು ಮಕ್ಕಳ ಬಿಡುವು

ಹೊರನಾಡಿನಲ್ಲಿ ನೆಲಸಿದ ಕನ್ನಡಿಗರ ಮನೆಗಳಲ್ಲಿ ಪ್ರತಿವರ್ಷವೂ ಸಂಕ್ರಾಂತಿ ಕಳೆಯುತ್ತಿದ್ದಂತೆಯೇ ಒಂದು ಲೆಕ್ಕಾಚಾರ ಮೊದಲಾಗುತ್ತದೆ. ನಮ್ಮ ಮಕ್ಕಳಿಗೆ ಬೇಸಗೆಯ ರಜೆ ಎಂದು ಬರುತ್ತದೆ? ಊರಿನಲ್ಲಿರುವ ಅಣ್ಣನ ಮಕ್ಕಳ ಶಾಲೆ ಎಂದು ತೆರೆಯುತ್ತದೆ? ರೈಲಿನಲ್ಲಿ ಯಾವ ತಾರೀಖಿಗೆ ಸ್ಥಳ ಕಾದಿರಿಸಬೇಕು? ಅಜ್ಜಿಯ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಇರುವುದಕ್ಕೆ ಎಷ್ಟು ದಿನ ದೊರೆಯುತ್ತದೆ? ಇವು ಮೇಲುನೋಟಕ್ಕೆ ಗೃಹಕೃತ್ಯದ ಸಣ್ಣ ಪ್ರಶ್ನೆಗಳು. ಆದರೆ ಇವುಗಳ ಹಿಂದೆ ಶಿಕ್ಷಣಕ್ಕೆ ಸಂಬಂಧಿಸಿದ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಶಾಲೆಯ ವರ್ಷ ಯಾವಾಗ ಆರಂಭವಾಗಬೇಕು, ಅದರ ಬಿಡುವುಗಳು ಎಲ್ಲಿ ಬೀಳಬೇಕು, ಇದನ್ನು ನಿರ್ಣಯಿಸತಕ್ಕದ್ದು ಹವೆಯೋ, ಹಬ್ಬವೋ, ಪರೀಕ್ಷೆಯೋ, ಸರಕಾರದ ಆಯವ್ಯಯದ ವರ್ಷವೋ ಎಂಬುದೇ ಆ ಪ್ರಶ್ನೆ. ಇದರ ಉತ್ತರವನ್ನು ಅವಲಂಬಿಸಿ ನಮ್ಮ ಮಕ್ಕಳ ಕನ್ನಡವೂ ನಿಂತಿದೆಯೆಂಬುದು ಈ ಲೇಖನದಲ್ಲಿ ತೋರಿಸಬೇಕೆಂದಿರುವ ವಿಷಯ.

೧

ಶಾಲೆಯ ಬಿಡುವಿಗೆ ನಮ್ಮಲ್ಲಿ ಮೂರು ಮಾತುಗಳು ಬಳಕೆಯಲ್ಲಿವೆ. ಹಳೆಯ ಪಾಠಶಾಲೆಯ ಮಾತು 'ಅನಧ್ಯಾಯ'. ಅಧ್ಯಯನ ಮಾಡಬಾರದ ಕಾಲವೆಂದು ಅದರ ಅರ್ಥ. ಎರಡನೆಯದು 'ರಜೆ'. ಇದು ಅರಬ್ಬಿಯಿಂದ ಬಂದ ಶಬ್ದ. ಒಪ್ಪಿಗೆ, ಅನುಮತಿ ಎಂಬುದು ಮೂಲಾರ್ಥ. ಮೇಲಿನವರು ಅನುಮತಿಯಿತ್ತ ದಿನಗಳ ಮಟ್ಟಿಗೆ ಬಿಡುವು. ಕೆಲಸದ ಋಣ ಮಾತ್ರ ಹಾಗೆಯೇ ಉಳಿದಿರುತ್ತದೆ. ಮೂರನೆಯದು ಧಾರವಾಡ, ಬೆಳಗಾವಿ, ವಿಜಯಪುರಗಳ ಕಡೆಯ 'ಸೂಟಿ'. ಇದು ಮರಾಠಿಯ 'ಸುಟ್ಟೀ' ಎಂಬ ಶಬ್ದದ ಕನ್ನಡ ರೂಪ. 'ಸುಟಣೆ' ಎಂದರೆ ಕಟ್ಟಿನಿಂದ ಬಿಡುಗಡೆಯಾಗುವುದು. ಮಾತನಾಡುವಾಗ ನಾವು ಈ ಶಬ್ದಗಳನ್ನು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆದರೆ ಅನುಮತಿಗೂ ಬಿಡುಗಡೆಗೂ ಇರುವ ಅಂತರ ಅಲ್ಪವಲ್ಲ. ಮುಂದಿನ ವಿವೇಚನೆಗೆ ಈ ಅಂತರ ಉಪಯೋಗಕ್ಕೆ ಬರುತ್ತದೆ.

ಪ್ರಾಚೀನರ ಅಧ್ಯಯನಕ್ಕೆ ಋತುವೇ ಆಧಾರವಾಗಿತ್ತು. ಶ್ರಾವಣದಲ್ಲಿ ಉಪಾಕರ್ಮ ಮಾಡಿ ವೇದಾಧ್ಯಯನವನ್ನು ತೊಡಗುವುದು, ನಾಲ್ಕೂವರೆ ಅಥವಾ ಐದು ತಿಂಗಳು ಓದಿ ಪುಷ್ಯ ಅಥವಾ ಮಾಘದಲ್ಲಿ ಉತ್ಸರ್ಜನ ಮಾಡುವುದು ಶಾಸ್ತ್ರದ ವಿಧಿ. ಮಳೆಗಾಲದಲ್ಲಿ ಸಂಚಾರ ಕಡಮೆ, ಒಂದೆಡೆ ಕುಳಿತು ಓದುವುದಕ್ಕೆ ಅನುಕೂಲ ಹೆಚ್ಚು. ಅಮಾವಾಸ್ಯೆ, ಹುಣ್ಣಿಮೆ, ಅಷ್ಟಮಿ, ಚತುರ್ದಶಿಗಳಲ್ಲಿ ಅನಧ್ಯಾಯ. ಗುಡುಗು ಸಿಡಿಲಿದ್ದರೂ ಅನಧ್ಯಾಯ. ಇಂದು ಕರಾವಳಿಯ ಜಿಲ್ಲಾಧಿಕಾರಿಗಳು ಸಾರುವ ಮಳೆಯ ರಜೆ ಅಷ್ಟೇನೂ ಹೊಸದಲ್ಲವೆಂದು ಇದರಿಂದ ತೋರಿಬರುತ್ತದೆ.

ಗ್ರಾಮಗಳ ಕೂಲಿಮಠಗಳಲ್ಲಾದರೋ ವರ್ಷಾರಂಭವೆಂಬುದೇ ಇರಲಿಲ್ಲ. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ೧೮೨೨ರಲ್ಲಿ ದೇಶೀಯ ಶಾಲೆಗಳ ಗಣತಿಯನ್ನು ಮಾಡಿಸಿದನು. ಅದಕ್ಕೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಬೆಲ್ ೧೮೨೩ರಲ್ಲಿ ಬರೆದ ವರದಿ ಕನ್ನಡ ಸೀಮೆಯ ಶಿಕ್ಷಣದ ಇತಿಹಾಸಕ್ಕೆ ಅಮೂಲ್ಯವಾದ ಸಾಮಗ್ರಿ. ಆಗ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರೆಂದು ಅದರಲ್ಲಿ ಹೇಳಿದೆ. ಮಗುವಿಗೆ ಐದು ವರ್ಷವಾದಾಗ ಉಪಾಧ್ಯಾಯರನ್ನೂ ಶಾಲೆಯ ಮಕ್ಕಳನ್ನೂ ಮನೆಗೆ ಕರೆದು, ಗಣಪತಿಯ ಮುಂದೆ ಕುಳ್ಳಿರಿಸಿ, ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ಬರೆಯಿಸುತ್ತಿದ್ದರು. ಮರುದಿನದಿಂದ ಆ ಮಗುವಿಗೆ ಶಾಲೆ. ಹೀಗೆ ಪ್ರತಿಯೊಂದು ಮಗುವಿಗೂ ಅದರದೇ ಆದ ಆರಂಭದ ದಿನವಿತ್ತು. ಒಬ್ಬನು ಕಾಗುಣಿತ ಬರೆಯುತ್ತಿರುವಾಗ ಪಕ್ಕದವನು ಮಗ್ಗಿ ಹೇಳುತ್ತಿದ್ದುದರಿಂದ ಇದರಿಂದ ಯಾವ ತೊಡಕೂ ಆಗುತ್ತಿರಲಿಲ್ಲ. ಎಲ್ಲ ಮಕ್ಕಳೂ ಒಂದೇ ದಿನ ಶಾಲೆಗೆ ಸೇರಿ, ಒಂದೇ ದಿನ ಪರೀಕ್ಷೆಗೆ ಕುಳಿತು, ಒಂದೇ ದಿನ ಮೇಲಿನ ತರಗತಿಗೆ ಹೋಗಬೇಕೆಂಬ ನಿಯಮ ತರಗತಿಯ ಪದ್ಧತಿಯೊಡನೆ ಬಂದದ್ದು. ಆಡಳಿತದ ಸೌಕರ್ಯಕ್ಕಾಗಿ ಮನುಷ್ಯರು ಮಾಡಿಕೊಂಡ ಏರ್ಪಾಡಾದುದರಿಂದ ಅದರ ತಾರೀಖನ್ನು ಕುರಿತು ಪುನರ್ವಿಮರ್ಶೆ ಮಾಡುವುದರಲ್ಲಿ ತಪ್ಪೇನೂ ಇಲ್ಲ.

೨

ಇಂದಿನ ಭಾರತದಲ್ಲಿ ಮುಖ್ಯವಾಗಿ ಎರಡು ಬಗೆಯ ವರ್ಷಾರಂಭಗಳಿವೆ. ಒಂದು ಜೂನ್ ತಿಂಗಳಿನದು, ಮತ್ತೊಂದು ಏಪ್ರಿಲ್ ತಿಂಗಳಿನದು.

ಜೂನ್ ಆರಂಭಕ್ಕೆ ಮುಂಗಾರು ಆಧಾರ. ಕೇರಳಕ್ಕೆ ಮಳೆ ಬರುವ ವಾಡಿಕೆಯ ದಿನ ಜೂನ್ ೧. ಅಲ್ಲಿಯ ಶಾಲೆಗಳು ತೆರೆಯುವ ದಿನವೂ ವಾಡಿಕೆಯಾಗಿ ಅದೇ. ಮುಂಬಯಿಗೆ ಮಳೆ ಜೂನ್ ೧೧ರ ಸುಮಾರಿಗೆ ಬರುತ್ತದೆ. ಮಹಾರಾಷ್ಟ್ರದ ಶಾಲೆಗಳು ಜೂನ್ ಮಧ್ಯದಲ್ಲಿ ತೆರೆಯುತ್ತವೆ. ಬಿಸಿಲು ಬೇಗ ಇಳಿಯದ ವಿದರ್ಭಕ್ಕೆ ಅದೇ ರಾಜ್ಯ ಇನ್ನೂ ಒಂದೆರಡು ವಾರಗಳ ವಿನಾಯಿತಿ ಕೊಡುತ್ತದೆ. ತೆಲಂಗಾಣದಲ್ಲಿ ಜೂನ್ ೧೨ರ ಸುಮಾರು. ಕರ್ನಾಟಕದಲ್ಲಿ ಏಪ್ರಿಲ್ ೧೦ಕ್ಕೆ ವರ್ಷ ಮುಗಿದು ಮೇ ತಿಂಗಳ ಕೊನೆಯಲ್ಲಿ ಹೊಸ ವರ್ಷ ಮೊದಲಾಗುವುದು ರೂಢಿ. ೧೯೫೬ಕ್ಕೆ ಮೊದಲು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ನಾಡು ಇದು. ಅದರ ಹವೆಯೂ ಒಂದಲ್ಲ. ಕಲಬುರಗಿ, ರಾಯಚೂರುಗಳಲ್ಲಿ ಬೇಸಗೆಯ ಉಷ್ಣ ೪೦ ಡಿಗ್ರಿಯನ್ನು ದಾಟುವುದರಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿ ಆ ಕಡೆಯ ಸರಕಾರಿ ಕಚೇರಿಗಳನ್ನೇ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಮಾತ್ರ ನಡೆಸುವ ಪದ್ಧತಿಯಿದೆ. ದೊಡ್ಡವರಿಗೆ ಸಲ್ಲದ ಬಿಸಿಲಿನಲ್ಲಿ ಮಕ್ಕಳನ್ನು ಕೂಡಿಸುವುದು ಯುಕ್ತವಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಏಪ್ರಿಲ್ ಆರಂಭದ ಸ್ವರೂಪ ಬೇರೆ. ಸರಕಾರದ ಆರ್ಥಿಕ ವರ್ಷ ೧೮೬೭ರಿಂದ ಏಪ್ರಿಲ್ ೧ಕ್ಕೆ ಮೊದಲಾಗುತ್ತ ಬಂದಿದೆ. ಕೇಂದ್ರೀಯ ಮಂಡಲಿಯ ಶಾಲೆಗಳ ವರ್ಷವೂ ಅದಕ್ಕೆ ಹೊಂದಿಕೊಂಡಂತಿದೆ. ಮಾರ್ಚಿನಲ್ಲಿ ಪರೀಕ್ಷೆ, ಏಪ್ರಿಲಿನಲ್ಲಿ ಹೊಸ ತರಗತಿ. ಐದಾರು ವಾರ ಪಾಠ ನಡೆಯುವಷ್ಟರಲ್ಲಿ ಬೇಸಗೆಯ ರಜೆ. ಉತ್ತರ ಪ್ರದೇಶದಲ್ಲಿ ಮೊದಲು ಜುಲೈ ತಿಂಗಳಲ್ಲಿ ವರ್ಷಾರಂಭವಿದ್ದುದು ೨೦೧೫ರಲ್ಲಿ ಏಪ್ರಿಲಿಗೆ ಬಂದಿತು. ಗೋವಾದಲ್ಲಿ ೨೦೨೫ರಲ್ಲಿ ಆರನೆಯ ತರಗತಿಯಿಂದ ಮೇಲಿನವರಿಗೆ ಏಪ್ರಿಲಿನಲ್ಲಿಯೇ ಪಾಠ ಆರಂಭಿಸಿದರು. ಗಾಳಿ ಈಗ ಬೀಸುತ್ತಿರುವುದು ಈ ಕಡೆಗೆ. ದೇಶಕ್ಕೆಲ್ಲ ಒಂದೇ ತಾರೀಖು ಇರಬೇಕೆನ್ನುವವರೂ ಇದ್ದಾರೆ. ಅಂಥವರು ಕಾಶ್ಮೀರದ ಅನುಭವವನ್ನು ನೆನೆಯುವುದು ಒಳ್ಳೆಯದು. ಹಿಮದ ದೆಸೆಯಿಂದ ಆ ಕಣಿವೆಯ ದೀರ್ಘ ರಜೆ ಚಳಿಗಾಲದಲ್ಲಿ ಬರುತ್ತದೆ. ಅಲ್ಲಿಯ ವರ್ಷವನ್ನು ಇತರ ಪ್ರಾಂತಗಳಿಗೆ ಹೊಂದಿಸಲು ೨೦೨೨ರಲ್ಲಿ ನವೆಂಬರಿನಿಂದ ಮಾರ್ಚಿಗೆ ತಂದರು. ೨೦೨೪ರಲ್ಲಿ ಒಂಬತ್ತನೆಯ ತರಗತಿಯವರೆಗೆ ಅದನ್ನು ಮತ್ತೆ ನವೆಂಬರಿಗೇ ಒಯ್ಯಬೇಕಾಯಿತು.

ವರ್ಷಾರಂಭದ ತಾರೀಖು ಮಗುವಿನ ವಯಸ್ಸನ್ನು ಅಳೆಯುವ ಗೆರೆಯೂ ಹೌದೆಂಬುದನ್ನು ಇಲ್ಲಿ ಜ್ಞಾಪಿಸಬೇಕು. ಒಂದನೆಯ ತರಗತಿಗೆ ಸೇರಲು ಕೇಂದ್ರೀಯ ವಿದ್ಯಾಲಯದಲ್ಲಿ ಮಾರ್ಚ್ ೩೧ಕ್ಕೆ ಆರು ವರ್ಷ ತುಂಬಿರಬೇಕು. ಮಹಾರಾಷ್ಟ್ರದಲ್ಲಿ ಡಿಸೆಂಬರ್ ೩೧ಕ್ಕೆ ತುಂಬಿದರೆ ಸಾಕು. ಕರ್ನಾಟಕ ೨೦೨೨ರ ಆದೇಶದಲ್ಲಿ ಜೂನ್ ೧ನ್ನು ಗೊತ್ತುಮಾಡಿತು. ಪಾಲಕರ ಒತ್ತಾಯದ ಮೇಲೆ ೨೦೨೫-೨೬ರ ಸಾಲಿಗೆ ಐದು ವರ್ಷ ಐದು ತಿಂಗಳೆಂದು ಸಡಿಲಿಸಿತು. ಅಕ್ಟೋಬರಿನಲ್ಲಿ ಹುಟ್ಟಿದ ಮಗು ಮುಂಬಯಿಯಲ್ಲಿದ್ದರೆ ಒಂದು ತರಗತಿ, ದಿಲ್ಲಿಯಲ್ಲಿದ್ದರೆ ಇನ್ನೊಂದು. ವರ್ಗವಾಗಿ ಊರೂರು ತಿರುಗುವ ನೌಕರರು ಈ ಗೆರೆಗಳ ಕಷ್ಟವನ್ನು ಚೆನ್ನಾಗಿ ಬಲ್ಲರು.

೩

ಏಪ್ರಿಲ್ ಆರಂಭದ ಪರವಾದ ವಾದಗಳನ್ನು ತಳ್ಳಿಹಾಕುವುದು ನ್ಯಾಯವಲ್ಲ. ಪರೀಕ್ಷೆ ಮುಗಿದ ಮೇಲೆ ಮಕ್ಕಳು ಎರಡು ತಿಂಗಳು ಸುಮ್ಮನಿರುವುದು ಕಾಲದ ನಷ್ಟ, ಪಾಠದ ದಿನಗಳು ಹೆಚ್ಚಬೇಕು, ದೀರ್ಘ ರಜೆಯಲ್ಲಿ ಕಲಿತದ್ದು ಮರೆತುಹೋಗುತ್ತದೆ ಎಂಬುವು ಅವರ ಮುಖ್ಯ ವಾದಗಳು.

ಪಾಠದ ದಿನಗಳ ವಿಷಯ ಹಳೆಯದು. ೧೯೬೪-೬೬ರ ಕೊಠಾರಿ ಆಯೋಗ ಶಾಲೆಗಳು ವರ್ಷಕ್ಕೆ ಸುಮಾರು ೩೯ ವಾರ ನಡೆಯಬೇಕೆಂದೂ ಬಿಡಿ ರಜೆಗಳು ಹತ್ತನ್ನು ಮೀರಬಾರದೆಂದೂ ಸಲಹೆ ಮಾಡಿತು. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯಂತೆ ಐದನೆಯ ತರಗತಿಯವರೆಗೆ ಕನಿಷ್ಠ ೨೦೦ ದಿನ, ಆರರಿಂದ ಎಂಟರವರೆಗೆ ೨೨೦ ದಿನ ಶಾಲೆ ನಡೆಯಬೇಕು. ಆದರೆ ದಿನಗಳ ನಷ್ಟಕ್ಕೆ ಬೇಸಗೆಯ ರಜೆಯೊಂದೇ ಕಾರಣವಲ್ಲ. ೨೦೨೫ರ ಅಕ್ಟೋಬರಿನಲ್ಲಿ ಕರ್ನಾಟಕದ ಉಪಾಧ್ಯಾಯರು ಸಾಮಾಜಿಕ ಸಮೀಕ್ಷೆಗೆ ಹೋಗಬೇಕಾದುದರಿಂದ ಸರಕಾರಿ ಮತ್ತು ಅನುದಾನಿತ ಶಾಲೆಗಳ ದಸರೆಯ ರಜೆಯನ್ನು ೧೮ನೆಯ ತಾರೀಖಿನವರೆಗೆ ಮುಂದುವರಿಸಲಾಯಿತು. ಚುನಾವಣೆ, ಗಣತಿಗಳಿಗೆ ಹೋಗುವ ದಿನಗಳನ್ನು ಉಳಿಸಿಕೊಳ್ಳದೆ ಮಕ್ಕಳ ಬೇಸಗೆಯ ಮೇಲೆ ಕಣ್ಣು ಹಾಕುವುದು ಉಚಿತವೆನಿಸದು.

ಇನ್ನು ಮರೆವಿನ ಮಾತು. ಬೇಸಗೆಯಲ್ಲಿ ಮಕ್ಕಳು ಮರೆಯುತ್ತಾರೆಂಬುದು ನಿಜ. ಅಮೆರಿಕದಲ್ಲಿ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ೩೯ ಅಧ್ಯಯನಗಳನ್ನು ಪರಿಶೀಲಿಸಿ, ದೀರ್ಘ ರಜೆಯಲ್ಲಿ ಸುಮಾರು ಒಂದು ತಿಂಗಳ ಕಲಿಕೆಯಷ್ಟು ಹಿನ್ನಡೆಯಾಗುತ್ತದೆಂದೂ ಗಣಿತದಲ್ಲಿ ಅದು ಹೆಚ್ಚೆಂದೂ ೧೯೯೬ರಲ್ಲಿ ತೋರಿಸಿದರು. ಆದರೆ ವರ್ಷಾರಂಭವನ್ನು ಜೂನಿನಿಂದ ಏಪ್ರಿಲಿಗೆ ತಂದ ಮಾತ್ರಕ್ಕೆ ರಜೆ ಚಿಕ್ಕದಾಗುವುದಿಲ್ಲ. ೨೦೨೪ರಲ್ಲಿ ಕರ್ನಾಟಕದ ಬೇಸಗೆಯ ರಜೆ ಏಪ್ರಿಲ್ ೧೧ರಿಂದ ಮೇ ೨೮ರವರೆಗೆ ೪೮ ದಿನವಿತ್ತು. ದಿಲ್ಲಿಯ ಸರಕಾರಿ ಶಾಲೆಗಳದು ಮೇ ೧೧ರಿಂದ ಜೂನ್ ೩೦ರವರೆಗೆ ೫೧ ದಿನ. ಮರೆಯುವ ಅವಧಿ ಎರಡು ಕಡೆಯೂ ಹೆಚ್ಚುಕಡಮೆ ಒಂದೇ. ವ್ಯತ್ಯಾಸ ಇರುವುದು ಯಾವುದು ಮರೆತುಹೋಗುತ್ತದೆ ಎಂಬುದರಲ್ಲಿ. ಜೂನಿನ ಮಗು ಮರೆಯುವುದು ವರ್ಷವೆಲ್ಲ ಓದಿ ಪರೀಕ್ಷೆ ಕೊಟ್ಟು ಮುಗಿಸಿದ ಪಾಠವನ್ನು. ಏಪ್ರಿಲಿನ ಮಗು ಮರೆಯುವುದು ಐದಾರು ವಾರದ ಹಿಂದೆ ಆರಂಭಿಸಿ ಇನ್ನೂ ಬೇರೂರದ ಹೊಸ ಪಾಠವನ್ನು. ಜುಲೈಯಲ್ಲಿ ಉಪಾಧ್ಯಾಯರು ಅದನ್ನು ಮೊದಲಿಂದ ಹೇಳಿಕೊಡಬೇಕಾಗುತ್ತದೆ.

ಇದಕ್ಕಿಂತಲೂ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಜೂನ್ ಪದ್ಧತಿಯಲ್ಲಿ ದೀರ್ಘ ಬಿಡುವು ಎರಡು ವರ್ಷಗಳ ನಡುವೆ ಬರುತ್ತದೆ. ಏಪ್ರಿಲ್ ಪದ್ಧತಿಯಲ್ಲಿ ಅದು ಒಂದೇ ವರ್ಷದ ಒಳಗೆ ಬರುತ್ತದೆ. ಮೊದಲನೆಯದರಲ್ಲಿ ಹಳೆಯ ಪುಸ್ತಕ ಮುಚ್ಚಿದೆ, ಹೊಸ ಪುಸ್ತಕ ತೆರೆದಿಲ್ಲ. ಮಗು ಶಾಲೆಗೆ ಏನನ್ನೂ ಕೊಡಬೇಕಾಗಿಲ್ಲ. ಎರಡನೆಯದರಲ್ಲಿ ಪುಸ್ತಕ ತೆರೆದಿದೆ, ತರಗತಿಯ ಉಪಾಧ್ಯಾಯರು ಗೊತ್ತಾಗಿದ್ದಾರೆ. ಆದ್ದರಿಂದ ರಜೆಯ ಮನೆಗೆಲಸ ಕಟ್ಟಿಟ್ಟ ಬುತ್ತಿ. ಮಗು ಅಜ್ಜಿಯ ಊರಿಗೆ ಹೊರಟರೆ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಮೊದಲು ಪುಸ್ತಕ, ಬಣ್ಣದ ಕಾಗದ, ಪ್ರಾಜೆಕ್ಟಿನ ಸಾಮಾನು ಸೇರುತ್ತವೆ. ಮೇಲೆ ಹೇಳಿದ ಶಬ್ದಗಳಲ್ಲಿ ಹೇಳುವುದಾದರೆ ಒಂದು ಸೂಟಿ, ಇನ್ನೊಂದು ರಜೆ. ಶಾಲೆಯ ವರ್ಷಾರಂಭದ ಚರ್ಚೆಯಲ್ಲಿ ಹವೆ, ಪರೀಕ್ಷೆ, ಪುಸ್ತಕ ಸರಬರಾಜುಗಳ ವಿಚಾರ ಬರುತ್ತದೆ; ಈ ಅಂಶ ಮಾತ್ರ ಯಾರ ಗಮನಕ್ಕೂ ಬರುವಂತೆ ತೋರುವುದಿಲ್ಲ.

೪

ಹೊರನಾಡ ಕನ್ನಡಿಗನಿಗೆ ಇದರಿಂದ ಏನು ಹಾನಿ? ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಧಾರವಾಡದಲ್ಲಿ ಅಜ್ಜ ಅಜ್ಜಿ ಹಿರಿಯ ಮಗನೊಡನೆ ಇದ್ದಾರೆ. ಎರಡನೆಯವನು ಮುಂಬಯಿಯಲ್ಲಿ, ಮೂರನೆಯವನು ದಿಲ್ಲಿಯಲ್ಲಿ, ಮಗಳು ಹೈದರಾಬಾದಿನಲ್ಲಿ. ೨೦೨೪ರ ರಜಾಪಟ್ಟಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ, ಹೈದರಾಬಾದಿನ ಮಕ್ಕಳಿಗೆ ಏಪ್ರಿಲ್ ೨೪ರಿಂದ ಜೂನ್ ೧೧ರವರೆಗೆ ಬಿಡುವಿತ್ತು. ಧಾರವಾಡದ ಮಕ್ಕಳೊಡನೆ ಅವರಿಗೆ ಕೂಡಿ ಬಂದದ್ದು ೩೫ ದಿನ. ಮುಂಬಯಿಯ ರಾಜ್ಯ ಮಂಡಲಿಯ ಶಾಲೆಗಳಿಗೆ ಮೇ ೨ರಿಂದ ಜೂನ್ ೧೪ರವರೆಗೆ. ಕೂಡಿ ಬಂದದ್ದು ೨೭ ದಿನ. ದಿಲ್ಲಿಯ ಮಕ್ಕಳಿಗೆ ದೊರೆತ ೫೧ ದಿನಗಳಲ್ಲಿ ಕೂಡಿ ಬಂದದ್ದು ೧೮ ದಿನ ಮಾತ್ರ. ಹೋಗಿ ಬರುವ ರೈಲು ಪ್ರಯಾಣವನ್ನು ಕಳೆದರೆ ಎರಡು ವಾರ. ಉಳಿದ ೩೩ ದಿನ ಅಣ್ಣನ ಮಕ್ಕಳು ಬೆಳಿಗ್ಗೆ ಶಾಲೆಗೆ ಹೋಗುತ್ತಾರೆ. ದಿಲ್ಲಿಯ ಮಗು ಅಂಗಳದಲ್ಲಿ ಒಂಟಿಯಾಗಿ ಕುಳಿತಿರುತ್ತದೆ.

ದಸರೆಯ ಬಿಡುವಿನ ಕಥೆಯೂ ಹೀಗೆಯೇ. ಮೈಸೂರು ಸಂಸ್ಥಾನದ ನಾಡಹಬ್ಬದ ಸ್ಮರಣೆಯಿಂದಲೋ ಎಂಬಂತೆ ಕರ್ನಾಟಕದ ನಡುವರ್ಷದ ರಜೆ ದಸರೆಯನ್ನು ಹಿಡಿದು ನಿಂತಿದೆ, ಮಹಾರಾಷ್ಟ್ರದ್ದು ದೀಪಾವಳಿಯನ್ನು. ವಿಜಯದಶಮಿಗೂ ದೀಪಾವಳಿಯ ಅಮಾವಾಸ್ಯೆಗೂ ಇಪ್ಪತ್ತು ದಿನಗಳ ಅಂತರ. ೨೦೨೪ರಲ್ಲಿ ಕರ್ನಾಟಕದ ರಜೆ ಅಕ್ಟೋಬರ್ ೨೦ಕ್ಕೆ ಮುಗಿದ ಮೇಲೆಯೇ ಮುಂಬಯಿಯ ದೀಪಾವಳಿ ರಜೆ ಮೊದಲಾಯಿತು. ತೆಲಂಗಾಣದಲ್ಲಿ ಬತುಕಮ್ಮ, ದಸರೆಗಳಿಗೆಂದು ಅದೇ ತಿಂಗಳ ೨ರಿಂದ ೧೪ರವರೆಗೆ ರಜೆಯಿದ್ದುದರಿಂದ ಹೈದರಾಬಾದಿನವರು ಇಲ್ಲಿಯೂ ಭಾಗ್ಯವಂತರು. ಕಾಸರಗೋಡಿನ ಕನ್ನಡ ಶಾಲೆಗಳ ಸ್ಥಿತಿ ಇನ್ನೂ ವಿಚಿತ್ರ. ಕೇರಳದ ಪದ್ಧತಿಯಂತೆ ಅವರಿಗೆ ಓಣಂ ಮತ್ತು ಕ್ರಿಸ್‌ಮಸ್ ಸಮಯದಲ್ಲಿ ಸುಮಾರು ಹತ್ತು ಹತ್ತು ದಿನ ಬಿಡುವು; ದಸರೆಗೆ ದೀರ್ಘ ರಜೆಯಿಲ್ಲ. ಕೆಲವೇ ಹರಿದಾರಿ ದೂರದ ಮಂಗಳೂರಿನಲ್ಲಿ ನವರಾತ್ರಿಯ ಸಂಭ್ರಮವಿರುವಾಗ ಅಲ್ಲಿಯ ಮಕ್ಕಳು ತರಗತಿಯಲ್ಲಿರುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡ ಶಾಲೆಗಳಿಗೆ ಮಹಾರಾಷ್ಟ್ರದ ಪಟ್ಟಿಯೇ ಪ್ರಮಾಣ.

ಮಕ್ಕಳು ಒಟ್ಟಿಗೆ ಇರುವ ದಿನಗಳಿಗೆ ಇಷ್ಟು ಮಹತ್ತ್ವವೇಕೆಂದು ಕೇಳಬಹುದು. ಹೊರನಾಡಿನ ಮನೆಯಲ್ಲಿ ತಾಯಿತಂದೆಗಳು ಮಗುವಿಗೆ ಕನ್ನಡ ಕಲಿಸುತ್ತಾರೆ. ಅದು ಊಟ, ನಿದ್ರೆ, ಮುದ್ದು, ಗದರಿಕೆಗಳ ಕನ್ನಡ. ಆಟದ ಕನ್ನಡ, ಜಗಳದ ಕನ್ನಡ, ಗುಟ್ಟು ಹೇಳುವ ಕನ್ನಡ, ಹಿರಿಯರ ಕಣ್ಣು ತಪ್ಪಿಸಿ ಮಾತಾಡುವ ಕನ್ನಡ, ಇವುಗಳನ್ನು ತಾಯಿತಂದೆಗಳು ಕಲಿಸಲಾರರು. ಅವು ಸಮವಯಸ್ಕರಿಂದಲೇ ಬರಬೇಕು. ಮುಂಬಯಿ, ದಿಲ್ಲಿಗಳ ಬೀದಿಯಲ್ಲಿ ಆ ಕೆಲಸವನ್ನು ಬೇರೆ ಭಾಷೆಗಳು ಮಾಡುತ್ತವೆ. ಕನ್ನಡದ ಪಾಲಿಗೆ ಉಳಿದಿರುವುದು ಊರಿನ ಬೇಸಗೆಯೊಂದೇ. ದೊಡ್ಡಪ್ಪನ ಮಕ್ಕಳೊಡನೆ ಒಂದು ತಿಂಗಳು ಮಾವಿನ ತೋಪಿನಲ್ಲಿ ಅಲೆದ ಮಗುವಿಗೂ, ಎರಡು ವಾರ ಮನೆಗೆಲಸ ಬರೆಯುತ್ತ ಕುಳಿತ ಮಗುವಿಗೂ ಭಾಷೆಯ ವಿಷಯದಲ್ಲಿ ಅಜಗಜಾಂತರ.

೫

ನಮ್ಮಂತೆಯೇ ವಲಸೆ ಹೋಗುವ, ಆದರೆ ನಮ್ಮ ಸಭೆಗಳಿಗೆ ಬಾರದ ಕನ್ನಡಿಗರನ್ನೂ ಇಲ್ಲಿ ನೆನೆಯದಿದ್ದರೆ ವಿಚಾರ ಅಪೂರ್ಣವಾಗುತ್ತದೆ. ವಿಜಯಪುರ, ಕಲಬುರಗಿ, ಯಾದಗಿರಿಗಳ ಹಳ್ಳಿ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಕೂಲಿಗಾಗಿ ಬೆಂಗಳೂರು, ಮುಂಬಯಿಗಳಿಗೂ, ಕಬ್ಬು ಕಡಿಯುವುದಕ್ಕಾಗಿ ಸಕ್ಕರೆ ಕಾರಖಾನೆಗಳ ಸೀಮೆಗೂ ಕುಟುಂಬಗಳು ಹೋಗುತ್ತವೆ. ಕಬ್ಬಿನ ಹಂಗಾಮು ಅಕ್ಟೋಬರ್ ನವೆಂಬರಿನಲ್ಲಿ ಮೊದಲಾಗಿ ಮಾರ್ಚಿನ ಸುಮಾರಿಗೆ ಮುಗಿಯುತ್ತದೆ. ದಸರೆಯ ರಜೆಗೆ ಶಾಲೆ ಬಿಟ್ಟ ಮಗು ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಮರಳುತ್ತದೆ, ಅದೂ ಮರಳಿದರೆ. ಮಹಾರಾಷ್ಟ್ರದಲ್ಲಿ ಇಂಥ ಮಕ್ಕಳಿಗಾಗಿ 'ಸಾಖರ ಶಾಳಾ' ಎಂಬ ಹಂಗಾಮಿ ಶಾಲೆಗಳು, ಕರ್ನಾಟಕದಲ್ಲಿ ಟೆಂಟು ಶಾಲೆಗಳು ಮತ್ತು ಹಂಗಾಮಿ ವಸತಿ ನಿಲಯಗಳು ಏರ್ಪಟ್ಟವು. ಏಪ್ರಿಲ್ ಆರಂಭವಾದರೂ ಜೂನ್ ಆರಂಭವಾದರೂ ಈ ಮಗುವಿಗೆ ಒಂದೇ. ಅದರ ವರ್ಷವನ್ನು ಗೊತ್ತುಮಾಡುವುದು ಕಬ್ಬು. ಅಲ್ಲದೆ, ಬಿಡುವೆಂಬುದು ಎಲ್ಲ ಮಕ್ಕಳಿಗೂ ಸುಖವಲ್ಲ. ಬರಗಾಲದ ದೆಸೆಯಿಂದ ೨೦೨೪ರ ಬೇಸಗೆಯ ರಜೆಯಲ್ಲಿಯೂ ಕರ್ನಾಟಕದ ಬರಪೀಡಿತ ತಾಲೂಕುಗಳ ಶಾಲೆಗಳಲ್ಲಿ ಬಿಸಿಯೂಟವನ್ನು ನಡೆಸಬೇಕಾಯಿತು. ಶಾಲೆ ಮುಚ್ಚಿದರೆ ಊಟ ತಪ್ಪುವ ಮಕ್ಕಳಿದ್ದಾರೆಂಬುದನ್ನು ರಜೆಯ ಪರವಾಗಿ ವಾದಿಸುವವರು ಮರೆಯಬಾರದು.

ಹವೆಯೂ ಮೊದಲಿನಂತೆ ನಂಬಿಕೆಗೆ ಅರ್ಹವಾಗಿ ಉಳಿದಿಲ್ಲ. ೨೦೨೫ರಲ್ಲಿ ಮುಂಗಾರು ಮೇ ೨೪ಕ್ಕೆ ಕೇರಳಕ್ಕೂ ಮೇ ೨೬ಕ್ಕೆ ಮುಂಬಯಿಗೂ ಬಂದುಬಿಟ್ಟಿತು. ಶಾಲೆಗಳು ತೆರೆದ ಮೇಲೆ ಮಳೆಯ ರಜೆ, ಆಮೇಲೆ ಶನಿವಾರಗಳಲ್ಲಿ ಅದರ ತೀರುವಳಿ, ಇದು ದಕ್ಷಿಣ ಕನ್ನಡ, ಉಡುಪಿ, ಕೊಡಗುಗಳ ವಾರ್ಷಿಕ ಅನುಭವ. ಬೇಸಗೆಯ ರಜೆಯನ್ನು ಜೂನ್ ಜುಲೈಗೆ ಸರಿಸಬಹುದೇ ಎಂದು ಕೇರಳದ ಶಿಕ್ಷಣ ಸಚಿವರು ೨೦೨೫ರ ಜುಲೈಯಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದರು. ಕರಾವಳಿಗೆ ಇದು ವಿಚಾರಾರ್ಹವಾಗಿರಬಹುದು. ರಾಯಚೂರಿಗೆ ಮಾತ್ರ ಸರ್ವಥಾ ಒಗ್ಗದು. ಒಂದೇ ರಾಜ್ಯದೊಳಗೂ ಒಂದೇ ತಾರೀಖು ಎಲ್ಲರಿಗೂ ಹೊಂದುವುದಿಲ್ಲವೆಂಬುದಕ್ಕೆ ಇದೇ ನಿದರ್ಶನ.

೬

ಮೇಲಿನ ವಿವೇಚನೆಯಿಂದ ಎರಡು ಸೂತ್ರಗಳನ್ನು ತೆಗೆಯಬಹುದು. ಮೊದಲನೆಯದು, ಶಾಲೆ ತೆರೆಯುವ ತಾರೀಖು ಆಯಾ ಪ್ರದೇಶದ ಬಿಸಿಲು ಮಳೆಗಳನ್ನು ಅನುಸರಿಸಲಿ. ಅದನ್ನು ದೇಶಕ್ಕೆಲ್ಲ ಒಂದುಗೂಡಿಸುವ ಅವಸರ ಬೇಡ. ಆದರೆ ದೀರ್ಘ ಬಿಡುವು ಎಲ್ಲಿಯೇ ಆಗಲಿ ಎರಡು ವರ್ಷಗಳ ನಡುವೆ ಬೀಳಲಿ. ಏಪ್ರಿಲ್ ಆರಂಭವನ್ನು ಬಿಡಲಾಗದ ಕಡೆ, ರಜೆಗೆ ಮನೆಗೆಲಸ ಕೊಡಬಾರದೆಂಬ ನಿಯಮವಾದರೂ ಬರಲಿ. ಎರಡನೆಯದು, ಆರಂಭದ ತಾರೀಖುಗಳು ಬೇರೆ ಬೇರೆಯಾದರೂ ಎಲ್ಲ ರಾಜ್ಯಗಳ, ಎಲ್ಲ ಮಂಡಲಿಗಳ ಮಕ್ಕಳಿಗೆ ಒಟ್ಟಾಗಿ ದೊರೆಯುವ ಕೆಲವು ವಾರಗಳಿರಲಿ. ಹಿಮದ ಸೀಮೆಯನ್ನು ಬಿಟ್ಟರೆ ಮೇ ತಿಂಗಳೇ ಅದಕ್ಕೆ ಯೋಗ್ಯ. ೨೦೨೪ರಲ್ಲಿ ನಾವು ಎಣಿಸಿದ ನಾಲ್ಕು ಊರುಗಳಿಗೂ ಸಾಮಾನ್ಯವಾಗಿದ್ದ ೧೮ ದಿನಗಳು ಆಕಸ್ಮಿಕವಾಗಿ ಉಳಿದವು. ಅಷ್ಟನ್ನು ನಿಯಮದಿಂದ ಉಳಿಸಿ ತಿಂಗಳಿಗೆ ಏರಿಸುವುದು ಕಠಿಣವಲ್ಲ.

ಸರಕಾರಗಳು ಇದನ್ನು ಮಾಡುವವರೆಗೆ ನಮ್ಮ ಸಂಘಗಳು ಕೈಕಟ್ಟಿ ಕುಳ್ಳಿರಬೇಕಾಗಿಲ್ಲ. ದಿಲ್ಲಿಯ ಮಕ್ಕಳಿಗೆ ಜೂನಿನಲ್ಲಿ ಬಿಡುವಿದೆ, ಊರಿನಲ್ಲಿ ಜೊತೆಗಾರರಿಲ್ಲ. ಆ ತಿಂಗಳು ಸಂಘದ ಅಂಗಳದಲ್ಲಿ ಅಲ್ಲಿಯ ಕನ್ನಡ ಮಕ್ಕಳನ್ನೇ ಕೂಡಿಸಿ ಆಟದ ಕನ್ನಡಕ್ಕೆ ಅವಕಾಶ ಮಾಡಬಹುದು, ಪಾಠವಿಲ್ಲದಿದ್ದರೂ ಚಿಂತೆಯಿಲ್ಲ. ಮುಂಬಯಿ, ಪುಣೆಗಳ ಸಂಘಗಳು ಮೇ ತಿಂಗಳಲ್ಲಿ ಶಿಬಿರ, ಸ್ಪರ್ಧೆಗಳನ್ನು ಇಡದೆ ಮಕ್ಕಳನ್ನು ಊರಿಗೆ ಬಿಟ್ಟುಕೊಡುವುದು ಮೇಲು. ತಮ್ಮ ದೀಪಾವಳಿಯ ರಜೆಯನ್ನು ಅವು ಅದಕ್ಕೆ ಬಳಸಬಹುದು. ವಾಚಕರು ತಮ್ಮ ತಮ್ಮ ನಗರದ ಶಾಲೆಗಳ ರಜಾಪಟ್ಟಿಯನ್ನು ವರ್ಷ ವರ್ಷವೂ ಸಂಗ್ರಹಿಸಿ ಒಂದೆಡೆ ಸೇರಿಸಿದರೆ, ಚೆನ್ನೈ, ಪುಣೆ, ಮುಂಬಯಿ, ದಿಲ್ಲಿ, ಹೈದರಾಬಾದುಗಳ ಮಕ್ಕಳು ಊರಿನ ಮಕ್ಕಳೊಡನೆ ಕಳೆಯಬಹುದಾದ ದಿನಗಳೆಷ್ಟೆಂಬುದು ಸ್ಪಷ್ಟವಾಗುತ್ತದೆ. ಶಿಕ್ಷಣ ಇಲಾಖೆಗಳ ಮುಂದೆ ಇಡಬೇಕಾದ ಮನವಿಗೆ ಆ ಪಟ್ಟಿಗಿಂತ ಬಲವಾದ ಆಧಾರ ಬೇರೆ ಬೇಕಾಗಿಲ್ಲ.